ಶಂಶಾಬಾದಿಗೆ ಇಳಿದ ಗೆಳೆಯ, ಮೂರು ಗಾಲ್ಫ್ ಮೈದಾನ

ನನಗೆ ಗಾಲ್ಫ್ ಆಡೋಕೆ ಬರಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೈಯಬಾರದು ನೋಡಿ! ಆದರೂ ಹೋದ ಚಳಿಗಾಲದಲ್ಲಿ ಹೈದರಾಬಾದಿನ ಯಾವ ಮೈದಾನದಲ್ಲಿ ಆಡಬೇಕು ಅಂತ ಆರಿಸುವ ಕೆಲಸ ನನ್ನ ತಲೆಗೆ ಬಂತು.

ಕಲಬುರಗಿಯಲ್ಲಿ ನನ್ನ ಜೊತೆ ಓದಿದ ಗೆಳೆಯ, ಈಗ ಬೆಂಗಳೂರಿನಲ್ಲಿ ನಿವೃತ್ತ. ಐವತ್ತರ ನಂತರ ಗಾಲ್ಫ್ ಹಚ್ಚಿಕೊಂಡವನು. ಫೋನ್ ಮಾಡಿ, "ಶುಕ್ರವಾರ ರಾತ್ರಿ ಶಂಶಾಬಾದಿಗೆ ಇಳಿತೀನಿ. ಮುಂದಿನ ತಿಂಗಳು ಮೊಣಕಾಲಿನ ಆಪರೇಷನ್ ಐತಿ. ಆಮ್ಯಾಲೆ ಹದಿನೆಂಟು ಹೋಲ್ ನಡಿಯೋಕ ಆಗ್ತದೋ ಇಲ್ಲೋ. ಒಂದೇ ಮುಂಜಾನಿ ಸಿಗತೈತಿ. ಎಲ್ಲಿ ಆಡಲಿ, ನೀನೇ ಹೇಳು" ಅಂದ.

ಶಂಶಾಬಾದ್ ಅಂದರೆ ನನ್ನ ಕಣ್ಣಿಗೆ ಇನ್ನೂ ಬೆಂಗಳೂರು ರಸ್ತೆಯ ಒಂದು ಬಸ್ ಸ್ಟಾಪೇ. 1989ರಲ್ಲಿ ನಾನು ಬ್ಯಾಂಕ್ ನೌಕರಿ ಹಿಡಿದು ಬಂದಾಗ ವಿಮಾನಗಳು ಊರೊಳಗಿನ ಬೇಗಂಪೇಟೆಗೆ ಇಳಿಯುತ್ತಿದ್ದವು. 2008ರ ಮಾರ್ಚಿನಲ್ಲಿ ಶಂಶಾಬಾದಿನ ನಿಲ್ದಾಣ ಶುರುವಾಯಿತು. ಐದು ಸಾವಿರ ಎಕರೆಗೂ ಹೆಚ್ಚು ಜಾಗ. ಅದರ ಬೆನ್ನಿಗೇ ಗಚ್ಚಿಬೌಲಿ ಕಡೆಗೆ ಔಟರ್ ರಿಂಗ್ ರೋಡು, 2009ರಲ್ಲಿ ಮೆಹದಿಪಟ್ನಂ ಕಡೆಗೆ ಸುಮಾರು ಹನ್ನೊಂದೂವರೆ ಕಿಲೋಮೀಟರಿನ ಮೇಲ್ಸೇತುವೆ ಬಂದವು. ಹೀಗಾಗಿ ಗೆಳೆಯನಿಗೆ ಎಲ್ಲ ಮೈದಾನವೂ ಹತ್ತಿರವೇ. ಪ್ರಶ್ನೆ ದೂರದ್ದಲ್ಲ.

ಒಂದು ಲೆಕ್ಕ ನೋಡಿ. ಹದಿನೆಂಟು ಹೋಲಿನ ಗಾಲ್ಫ್ ಮೈದಾನಕ್ಕೆ ಏನಿಲ್ಲ ಅಂದರೂ ನೂರು-ನೂರೈವತ್ತು ಎಕರೆ ಬೇಕು. ದೊಡ್ಡ ಊರಿನ ಒಳಗೆ ಇಷ್ಟು ನೆಲ ತಾನಾಗಿ ಖಾಲಿ ಉಳಿಯುವುದಿಲ್ಲ. ಯಾವುದೋ ಕಾಲದಲ್ಲಿ ಯಾವನೋ ದೊರೆಯೋ ಸರ್ಕಾರವೋ ಅದಕ್ಕೆ ಬೇಲಿ ಹಾಕಿರಬೇಕು. ಹೈದರಾಬಾದಿನ ಮೂರು ಮೈದಾನಗಳನ್ನು ಮುಂದಿಟ್ಟುಕೊಂಡು ಕೂತಾಗ ನನಗೆ ಕಂಡದ್ದು ಇದೇ. ಮೂರು ಬೇಲಿ, ಮೂರು ಕಾಲ.

ಮೊದಲನೆಯದು ಸಿಕಂದರಾಬಾದಿನ ಸೇನೆಯ ಬೈಸನ್ ಮೈದಾನ. 1798ರಲ್ಲಿ ನಿಜಾಮ ಕಂಪನಿಯ ಜೊತೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡ. ಹುಸೇನ್ ಸಾಗರದ ಉತ್ತರಕ್ಕೆ ಇಂಗ್ಲಿಷರ ಪಡೆ ಬೀಡುಬಿಟ್ಟಿತು. 1806ರಲ್ಲಿ ಆ ಬೀಡಿಗೆ ನಿಜಾಮ ಸಿಕಂದರ್ ಜಾಹನ ಹೆಸರು ಬಂತು. ಪರೇಡಿಗೆ, ಕುದುರೆಗೆ, ಆಟಕ್ಕೆ ಅಂತ ಬಿಟ್ಟ ವಿಶಾಲ ಬಯಲುಗಳು ಕಂಟೋನ್ಮೆಂಟಿನಲ್ಲಿ ಇವತ್ತಿಗೂ ಸೇನೆಯ ಕೈಲೇ ಇವೆ. 1896ರಲ್ಲಿ ಬೆಂಗಳೂರಿನಿಂದ ಬಂದ ಒಂದು ರೆಜಿಮೆಂಟು ಇಲ್ಲಿ ಪೋಲೋ ಆಡಿ ಗೋಲ್ಕೊಂಡಾ ಕಪ್ ಗೆದ್ದುಕೊಂಡು ಹೋಯಿತು. ಆ ತಂಡದಲ್ಲಿ ವಿನ್‌ಸ್ಟನ್ ಚರ್ಚಿಲ್ ಅನ್ನೋ ತರುಣನೂ ಇದ್ದ! ಬೆಂಗಳೂರಿನವರಿಗಂತೂ ಇದೆಲ್ಲ ಗೊತ್ತಿರುವ ಕಥೆಯೇ. ನಿಮ್ಮ ಹೈಗ್ರೌಂಡ್ಸಿನ ಗಾಲ್ಫ್ ಕ್ಲಬ್ಬೂ 1876ರದು, ದಂಡಿನ ಕಾಲದ್ದೇ. ಆದರೆ ಸೇನೆಯ ಜಾಗ, ನಮ್ಮವನಿಗೆ ಸೇನೆಯಲ್ಲಿ ಪರಿಚಯದವರಿಲ್ಲ. ಅದನ್ನು ಪಕ್ಕಕ್ಕಿಟ್ಟೆ.

ಎರಡನೆಯದು ಗಚ್ಚಿಬೌಲಿ ಕಡೆಯ ಬೌಲ್ಡರ್ ಹಿಲ್ಸ್. ಹೆಸರೇ ಹೇಳುವಂತೆ ಬಂಡೆಗಳ ನಡುವೆ ಹುಲ್ಲು. ಪೀಟರ್ ಹ್ಯಾರಡೈನ್ ಅನ್ನುವವರು ವಿನ್ಯಾಸ ಮಾಡಿದ್ದು. ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ನಿಂತ ಆ ಗ್ರಾನೈಟು ಸುಮಾರು 250 ಕೋಟಿ ವರ್ಷ ಹಳೆಯದು. ಐಟಿ ಕಾಲದಲ್ಲಿ ಸರ್ಕಾರ ಮತ್ತು ದುಬೈ ಮೂಲದ ಕಂಪನಿ ಸೇರಿ ಮಾಡಿದ ಯೋಜನೆ ಇದು. ಆ ನೆಲದ ವ್ಯವಹಾರದ ಬಗ್ಗೆ 2011ರಲ್ಲಿ ಸಿಬಿಐ ಪ್ರಕರಣವೂ ದಾಖಲಾಯಿತು. ಅದಲ್ಲದೆ ಆ ಭಾಗದ ಮಣಿಕೊಂಡದ 1,654 ಎಕರೆ ಹುಸೇನ್ ಶಾಹ್ ವಲಿ ದರ್ಗಾದ್ದೋ ಸರ್ಕಾರದ್ದೋ ಅನ್ನುವ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2022ರ ಫೆಬ್ರವರಿಯಲ್ಲಿ ಸರ್ಕಾರದ್ದು ಅಂತ ತೀರ್ಪಾಯಿತು. ಅಂದಹಾಗೆ ಈ ಹುಸೇನ್ ಶಾಹ್ ವಲಿ ಯಾರು ಗೊತ್ತೇ? ಹುಸೇನ್ ಸಾಗರಕ್ಕೆ ಹೆಸರು ಕೊಟ್ಟವರು. ನಮ್ಮ ಕಲಬುರಗಿಯ ಬಂದೇನವಾಜರ ವಂಶದವರು ಅಂತ ಹೇಳುತ್ತಾರೆ. ಈ ಊರಲ್ಲಿ ಎಲ್ಲಿ ಅಗೆದರೂ ಕಲಬುರಗಿಯ ಒಂದು ಬೇರು ಸಿಗುತ್ತದೆ ಅಂತ ನಾನು ಸುಮ್ಮನೆ ಜಂಬ ಕೊಚ್ಚೋದಲ್ಲ!

ಮೂರನೆಯದೇ ನನ್ನ ನಿದ್ದೆ ಕೆಡಿಸಿದ್ದು. ಗೋಲ್ಕೊಂಡಾ ಕೋಟೆಯ ನಯಾ ಕಿಲಾ, ಅಂದರೆ ಹೊಸ ಕೋಟೆ. ಅದರ ಒಳಗೇ ಹೈದರಾಬಾದ್ ಗಾಲ್ಫ್ ಕ್ಲಬ್ಬಿನ ಮೈದಾನ.

ಗೋಲ್ಕೊಂಡಾ ಮೊದಲು ವಾರಂಗಲ್ಲಿನವರ ಕೈಲಿತ್ತು. 1363ರ ಸುಮಾರಿಗೆ ಬಹಮನಿಗಳಿಗೆ ಬಂತು. ಆಗ ರಾಜಧಾನಿ ಕಲಬುರಗಿ. 1518ರ ಹೊತ್ತಿಗೆ ಸುಲ್ತಾನ್ ಕುಲಿ ಇಲ್ಲಿ ಸ್ವತಂತ್ರನಾಗಿ ಕುತುಬ್ ಶಾಹಿ ಶುರುವಾಯಿತು. 1656ರಲ್ಲಿ ಔರಂಗಜೇಬ, ಆಗಿನ್ನೂ ಶಹಜಾದೆ, ಬಂದು ಮುತ್ತಿಗೆ ಹಾಕಿದ. ಕೋಟೆಯ ಹೊರಗೆ, ಒಳಗಿನದೆಲ್ಲ ಕಾಣುವಂಥ ಒಂದು ಎತ್ತರದ ದಿಣ್ಣೆ ಇತ್ತು. ಮೊಗಲರು ಹಿಂದಿರುಗಿದ ಮೇಲೆ ಅಬ್ದುಲ್ಲಾ ಕುತುಬ್ ಶಾಹನ ಕಾಲದಲ್ಲಿ ಆ ದಿಣ್ಣೆಯನ್ನೇ ಸೇರಿಸಿಕೊಂಡು ಹೊಸ ಗೋಡೆ ಕಟ್ಟಿದರು. ಅದೇ ನಯಾ ಕಿಲಾ. 1687ರಲ್ಲಿ, ಬಿಜಾಪುರ ಬಿದ್ದ ಮರುವರ್ಷ, ಬಾದಶಹನಾಗಿ ಔರಂಗಜೇಬ ಮತ್ತೆ ಬಂದ. ಎಂಟು ತಿಂಗಳು ಕಾದ. ಗೋಡೆ ಜಗ್ಗಲಿಲ್ಲ. ಕೊನೆಗೆ ಒಳಗಿನವರೇ ಬಾಗಿಲು ತೆರೆದರು.

ಆ ಗೋಡೆಯೊಳಗೆ ಮುಲ್ಲಾ ಖಿಯಾಲಿಯ ಮಸೀದಿ ಇದೆ. "ಹಾಥಿಯಾಂ ಕಾ ಝಾಡ್" ಅನ್ನುವ ಆಫ್ರಿಕಾ ಮೂಲದ ದೈತ್ಯ ಮರ ಇದೆ. ನಮ್ಮ ಸವಣೂರಿನ ದೊಡ್ಡಹುಣಸೆ ಮಠದಲ್ಲಿರುವ ಮರಗಳ ಜಾತಿಯೇ. 2014ರಲ್ಲಿ ಪುರಾತತ್ವ ಇಲಾಖೆ ಅಗೆದಾಗ ಕುತುಬ್ ಶಾಹಿ ತೋಟದ ನೀರಿನ ಕಾಲುವೆ, ಕಾರಂಜಿಗಳು ಸಿಕ್ಕವು. ಪರಂಪರೆಯ ಕಾಳಜಿ ಇರುವವರು ಇಲ್ಲಿ ಗಾಲ್ಫ್ ಬೇಡ ಅಂತ ಬಹಳ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ನಾನೂ ಅದೇ ಗುಂಪಿನವನು. ಹುಲ್ಲಿಗಾಗಿ ನೆಲ ಮಟ್ಟ ಮಾಡಿದರೆ ಕೆಳಗಿನ ತೋಟ ಯಾರಿಗೆ ಕಾಣುತ್ತದೆ ಹೇಳಿ? ಸಾವಿರಾರು ಜನ ನೋಡಬೇಕಾದ ಜಾಗದಲ್ಲಿ ಕೆಲವೇ ಜನ ಚೆಂಡು ಹೊಡೆಯೋದು ಸರಿಯೇ? ಇನ್ನೊಂದು ಕಡೆ, ಕೋಟೆಯ ಸುತ್ತ ಮನೆಗಳು ಗೋಡೆಗೆ ಅಂಟಿಕೊಂಡು ಎದ್ದದ್ದನ್ನೂ ನಾನೇ ನೋಡಿದ್ದೇನೆ. ಖಾಲಿ ಬಿಟ್ಟಿದ್ದರೆ ಈ ಬಯಲು ಇವತ್ತಿಗೆ ಬಯಲಾಗೇ ಇರುತ್ತಿತ್ತಾ? ಎದೆ ಮುಟ್ಟಿ ಹೌದು ಅನ್ನಲಾರೆ.

ಮೂರು ದಿನ ಒದ್ದಾಡಿ ಗೆಳೆಯನಿಗೆ ಹೇಳಿದೆ: "ನಯಾ ಕಿಲಾದಾಗೇ ಆಡು. ಆದ್ರ ಒಂದು ಷರತ್ತು. ಮೊದಲು ನನ್ನ ಸಂಗಡ ಮರ, ಮಸೀದಿ, ಗೋಡೆ ನೋಡಬೇಕು. ಚೆಂಡು ಆಮ್ಯಾಲೆ." ಅವನು ಮೊಣಕಾಲಿನ ನೆಪ ಹೇಳಿದ. ನಾನು ಬಿಡಲಿಲ್ಲ.

ಭಾನುವಾರ ಬೆಳಗಾಗುತ್ತಲೇ ಹೋದೆವು. ಮರದ ಬುಡ ಸುತ್ತಲು ಅವನಿಗೆ ಎರಡು ಸಲ ಕೂರಬೇಕಾಯಿತು. ಆಮೇಲೆ ನಿಧಾನಕ್ಕೆ ದಿಣ್ಣೆ ಹತ್ತಿದೆವು. ನಾನು 1656, ಅಬ್ದುಲ್ಲಾ ಕುತುಬ್ ಶಾಹ, ತೋಪು ಅಂತ ಪಾಠ ಶುರು ಮಾಡಿದ್ದೆ. ಅವನು ಕೇಳುತ್ತಲೇ ಇರಲಿಲ್ಲ. ಕಣ್ಣು ಕಿರಿದು ಮಾಡಿ ಹಳೆಯ ಕೋಟೆಯ ಕಡೆ ನೋಡುತ್ತಾ ದೂರ ಅಳೆಯುತ್ತಿದ್ದ. ಗಾಲ್ಫ್ ಆಡುವವರ ಚಾಳಿ.

"ಲೇ, ಇಲ್ಲಿಂದ ಹೊಡದ್ರ ಸೀದಾ ಒಳಗೇ ಬೀಳತೈತಿ ನೋಡು," ಅಂದ. "ನಾ ಆ ರಾಜಾ ಆಗಿದ್ರೂ ಈ ದಿಣ್ಣಿ ಹೊರಗ ಬಿಡತಿದ್ದಿಲ್ಲ."

ಮೂವತ್ತು ವರ್ಷ ಪುಸ್ತಕ ಓದಿ ನಾನು ತಿಳಿದದ್ದು ಅವನಿಗೆ ಒಂದು ನಿಮಿಷದಲ್ಲಿ ಕಂಡಿತ್ತು. ಗಾಲ್ಫ್ ಇಲ್ಲಿ ಬೇಡ ಅನ್ನುವ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಆಡುವವರನ್ನು ಬೈಯೋ ಉತ್ಸಾಹ ಸ್ವಲ್ಪ ಕಡಿಮೆಯಾಗಿದೆ.

ಅವನು ಒಂಬತ್ತು ಹೋಲ್ ಆಡಿದ. ಹದಿನೆಂಟು ಆಗಲಿಲ್ಲ. ಉಳಿದ ಹೊತ್ತು ಇಬ್ಬರೂ ನೆರಳಲ್ಲಿ ಕೂತು ಕಲಬುರಗಿ ಕೋಟೆಯ ಮಾತಾಡಿದೆವು. ಆಪರೇಷನ್ ಆಯಿತು, ಈಗ ಕೋಲು ಬಿಟ್ಟು ನಡೆಯುತ್ತಿದ್ದಾನೆ. "ಇನ್ನೂ ಒಂಬತ್ತು ಬಾಕಿ ಅದಾವ" ಅಂತ ಮೊನ್ನೆ ಫೋನಿನಲ್ಲಿ ನೆನಪಿಸಿದ.

ನೀವೂ ಈ ಕಡೆ ಬರುವವರಿದ್ದರೆ, ಅತಿಥಿಗಳು ಆಡುವ ದರ-ನಿಯಮಗಳನ್ನು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ನಿಮ್ಮದೂ ಗಾಲ್ಫ್ ಅಲ್ಲವೇ? ಚಿಂತೆಯಿಲ್ಲ. ದಿಣ್ಣೆ ಹತ್ತಲು ಕೋಲೂ ಬೇಡ, ಚೆಂಡೂ ಬೇಡ. ಜೊತೆಗೆ ಬರಲು ನಾನಂತೂ ಇದ್ದೇನೆ.