ಸಪ್ತಭಾವಗಳ ಸಮತೋಲನ: ಚೀನೀ ವೈದ್ಯದ ಆರೋಗ್ಯಸೂತ್ರ

ಸಿಟ್ಟು ಬಂದಾಗ ಮುಖ ಕೆಂಪೇರುತ್ತದೆ. ಭಯವಾದಾಗ ಕಾಲುಗಳ ಬಲ ಉಡುಗುತ್ತದೆ. ಚಿಂತೆ ಹತ್ತಿದವರಿಗೆ ಊಟ ಸೇರುವುದಿಲ್ಲ. ಎಲ್ಲರ ಅನುಭವಕ್ಕೂ ಬರುವ ಇಂಥ ಸಂಗತಿಗಳನ್ನೇ ಆಧಾರವಾಗಿಸಿಕೊಂಡು ಚೀನಾದ ಸಾಂಪ್ರದಾಯಿಕ ವೈದ್ಯ ಪದ್ಧತಿಯು ಎರಡು ಸಾವಿರ ವರ್ಷಗಳ ಹಿಂದೆಯೇ ಒಂದು ಆರೋಗ್ಯಶಾಸ್ತ್ರವನ್ನು ರೂಪಿಸಿತು. ಮನಸ್ಸಿನ ಕಾಯಿಲೆ ಬೇರೆ, ದೇಹದ ಕಾಯಿಲೆ ಬೇರೆ ಎಂಬ ಭೇದ ಅದರಲ್ಲಿಲ್ಲ.

ಈ ಪದ್ಧತಿಯ ಮೂಲಗ್ರಂಥ ‘ಹುವಾಂಗ್‌ದಿ ನೇಯ್‌ಜಿಂಗ್’. ಇದು ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಸಂಕಲನಗೊಂಡಿತು ಎನ್ನಲಾಗಿದೆ. ದೇಹದಲ್ಲಿ ಹರಿಯುವ ಪ್ರಾಣಶಕ್ತಿಯನ್ನು ಚೀನೀಯರು ‘ಚೀ’ ಎನ್ನುತ್ತಾರೆ. ಗ್ರಂಥದ ಪ್ರಕಾರ ಕೋಪದಿಂದ ಚೀ ಮೇಲೇರುತ್ತದೆ, ಭಯದಿಂದ ಕೆಳಗಿಳಿಯುತ್ತದೆ, ದುಃಖದಿಂದ ಕರಗುತ್ತದೆ, ಅತಿಯಾದ ಯೋಚನೆಯಿಂದ ಗಂಟು ಕಟ್ಟುತ್ತದೆ.

ಐದು ಅಂಗ, ಏಳು ಭಾವ

ಯಕೃತ್ತಿಗೆ ಕೋಪ, ಹೃದಯಕ್ಕೆ ಹರ್ಷ, ಗುಲ್ಮಕ್ಕೆ ಯೋಚನೆ, ಶ್ವಾಸಕೋಶಕ್ಕೆ ದುಃಖ, ಮೂತ್ರಪಿಂಡಕ್ಕೆ ಭಯ ಎಂದು ಈ ಪದ್ಧತಿ ಒಂದೊಂದು ಅಂಗಕ್ಕೆ ಒಂದೊಂದು ಭಾವವನ್ನು ಜೋಡಿಸುತ್ತದೆ. ಇವುಗಳ ಜೊತೆಗೆ ಕಳವಳ ಮತ್ತು ದಿಗಿಲನ್ನು ಸೇರಿಸಿ, ರೋಗಕ್ಕೆ ಒಳಗಿನಿಂದ ಕಾರಣವಾಗುವ ಭಾವಗಳು ಏಳು ಎಂದು 1174ರಲ್ಲಿ ವೈದ್ಯ ಚೆನ್ ಯಾನ್ ವಿವರಿಸಿದನು. ಇಲ್ಲಿ ಅಂಗವೆಂದರೆ ಆಧುನಿಕ ಶರೀರಶಾಸ್ತ್ರದ ಅಂಗವೆಂದೇ ಅರ್ಥವಲ್ಲ. ಅದು ಹಲವು ದೈಹಿಕ ಕ್ರಿಯೆಗಳ ಸಮೂಹಕ್ಕೆ ಇಟ್ಟ ಹೆಸರು. ಯಾವ ಭಾವವೂ ಸ್ವತಃ ಕೆಟ್ಟದ್ದಲ್ಲ. ಅತಿಯಾದರೆ ಅಮೃತವೂ ವಿಷವೆಂಬಂತೆ, ಹರ್ಷವೂ ಮಿತಿ ಮೀರಿದರೆ ಹಾನಿಕರವೆಂದೇ ಎಣಿಸಲಾಗಿದೆ.

ಸದ್ದಿಗೆ ಸದ್ದೇ ಮದ್ದು

ವೈದ್ಯ ಜಾಂಗ್ ಸೋಂಗ್‌ಜೆಂಗ್ (1156–1228) ಮಾಡಿದ ಒಂದು ಚಿಕಿತ್ಸೆ ಪ್ರಸಿದ್ಧವಾಗಿದೆ. ಛತ್ರದಲ್ಲಿ ತಂಗಿದ್ದ ಮಹಿಳೆಯೊಬ್ಬಳು ರಾತ್ರಿ ದರೋಡೆಕೋರರ ದಾಳಿಗೆ ಬೆಚ್ಚಿ ಮಂಚದಿಂದ ಬಿದ್ದಳು. ಅಂದಿನಿಂದ ಸಣ್ಣ ಸದ್ದಾದರೂ ಮೂರ್ಛೆ ಹೋಗುತ್ತಿದ್ದಳು. ಮನೆಯವರು ತುದಿಗಾಲಲ್ಲಿ ನಡೆಯಬೇಕಾಯಿತು. ವರ್ಷ ಕಳೆದರೂ ಔಷಧಗಳು ಫಲಿಸಲಿಲ್ಲ. ಜಾಂಗ್ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಎದುರಿನ ಪುಟ್ಟ ಮೇಜಿಗೆ ಆಕೆ ನೋಡುತ್ತಿರುವಂತೆಯೇ ಮರದ ತುಂಡಿನಿಂದ ಬಡಿದನು. ಆಕೆ ಬೆಚ್ಚಿದಳು. ಆಕೆ ಸುಧಾರಿಸಿಕೊಂಡ ಮೇಲೆ ಮತ್ತೆ ಬಡಿದನು. ಹೀಗೆ ಬಡಿಯುತ್ತ ಹೋದಂತೆ ಭಯ ಕುಗ್ಗಿತು. ಬಳಿಕ ಬಾಗಿಲು, ಕಿಟಕಿಗಳನ್ನೂ ಬಡಿಸಲಾಯಿತು. ಕೊನೆಗೆ ಗುಡುಗಿಗೂ ಆಕೆ ಬೆದರಲಿಲ್ಲ. ರೂಢಿಯಾದದ್ದು ಬೆದರಿಸಲಾರದು ಎಂಬುದು ಇದರ ತತ್ವ. ಭಯದ ವಸ್ತುವನ್ನು ಹಂತಹಂತವಾಗಿ ಎದುರಿಸುವಂತೆ ಮಾಡುವ ಇಂದಿನ ಮನೋಚಿಕಿತ್ಸೆಯನ್ನು ಇದು ನೆನಪಿಸುತ್ತದೆ.

ದಿನಚರಿಯ ಕ್ರಮ

* ನಿದ್ದೆ: ಚಳಿಗಾಲದಲ್ಲಿ ಬೇಗ ಮಲಗಿ ಸೂರ್ಯೋದಯದ ನಂತರ ಏಳಬೇಕು; ವಸಂತದಲ್ಲಿ ತಡವಾಗಿ ಮಲಗಿ ಬೇಗ ಏಳಬೇಕು ಎಂಬುದು ನೇಯ್‌ಜಿಂಗ್‌ನ ನಿಯಮ.
* ಊಟ: ಬೇಸರ, ಕಿರಿಕಿರಿಗಳನ್ನು ಬದಿಗಿಟ್ಟು ಉಣ್ಣಬೇಕು, ಉಂಡ ಮೇಲೆ ಅಡ್ಡಾಡಿ ಹೊಟ್ಟೆಯನ್ನು ಮೃದುವಾಗಿ ಸವರಿಕೊಳ್ಳಬೇಕು ಎಂದು ಏಳನೇ ಶತಮಾನದ ವೈದ್ಯ ಸುನ್ ಸಿಮಿಯಾವ್ ಬೋಧಿಸಿದನು.
* ವ್ಯಾಯಾಮ: ಉಸಿರಾಟದೊಂದಿಗೆ ನಿಧಾನವಾಗಿ ಮಾಡುವ ಎಂಟು ಚಲನೆಗಳ ‘ಬಾದುವಾನ್‌ಜಿನ್’ ಇಂದಿಗೂ ಚೀನಾದ ಉದ್ಯಾನಗಳಲ್ಲಿ ಜನಪ್ರಿಯ.
* ಪಾದಸ್ನಾನ: ಮಲಗುವ ಮುನ್ನ ಬೆಚ್ಚಗಿನ ನೀರಿನಲ್ಲಿ ಪಾದಗಳನ್ನು ಇರಿಸಿಕೊಳ್ಳುವ ರೂಢಿಯೂ ವ್ಯಾಪಕ. ಮಧುಮೇಹಿಗಳು ನೀರಿನ ಬಿಸಿಯನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಅಗತ್ಯ.

ಎಚ್ಚರಿಕೆಯೂ ಬೇಕು

ನಿಧಾನ ವ್ಯಾಯಾಮಗಳಿಂದ ನಿದ್ದೆ ಸುಧಾರಿಸಿ ಆತಂಕ ತಗ್ಗಬಹುದು ಎಂದು ಕೆಲವು ಅಧ್ಯಯನಗಳು ಸೂಚಿಸಿವೆ. ಆದರೆ ಚೀ ಅಥವಾ ಅಂಗ–ಭಾವಗಳ ಜೋಡಣೆಗೆ ಆಧುನಿಕ ವಿಜ್ಞಾನದಲ್ಲಿ ಪುರಾವೆಯಿಲ್ಲ. ಗಿಡಮೂಲಿಕೆಗಳೆಲ್ಲ ನಿರಪಾಯಕಾರಿಯೂ ಅಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ, ತೂಕ ಇಳಿಸಲು ಚೀನೀ ಮೂಲಿಕೆಗಳಿದ್ದ ಔಷಧ ಸೇವಿಸಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಅದರಲ್ಲಿ ಸೇರಿದ್ದ ಅರಿಸ್ಟೊಲೋಕಿಕ್ ಆಮ್ಲವೇ ಇದಕ್ಕೆ ಕಾರಣವಾಗಿತ್ತು.

ಹೊತ್ತಿಗೆ ಸರಿಯಾದ ನಿದ್ದೆ, ನೆಮ್ಮದಿಯ ಊಟ, ಹಿತಮಿತ ವ್ಯಾಯಾಮಗಳನ್ನು ಯಾರೂ ರೂಢಿಸಿಕೊಳ್ಳಬಹುದು. ಆದರೆ ದುಃಖ, ನಿರುತ್ಸಾಹ, ನಿದ್ರಾಹೀನತೆಗಳು ಎರಡು ವಾರ ಮೀರಿ ಕಾಡಿದರೆ ದಿನಚರಿಯೊಂದನ್ನೇ ನಂಬಿ ಕೂರದೆ ವೈದ್ಯರನ್ನು ಕಾಣಬೇಕು. ಈಗಾಗಲೇ ಸೇವಿಸುತ್ತಿರುವ ಔಷಧವನ್ನು ಅವರ ಸಲಹೆಯಿಲ್ಲದೆ ನಿಲ್ಲಿಸಬಾರದು.