ಕೆರೆಯ ದಂಡೆಯ ಫೋಟೋಗಳು

ಅಕ್ಕಲಕೋಟೆಯ ನಮ್ಮ ಮನೆಯ ಪೆಟ್ಟಿಗೆಯಲ್ಲಿ, ಚಿತ್ರಕಾರರಾಗಿದ್ದ ನಮ್ಮ ಮುತ್ಯಾನ ದಿನಚರಿಗಳೂ ಕುಟುಂಬದ ಹಳೆಯ ಫೋಟೋಗಳೂ ಇವೆ. ಹೆಚ್ಚಿನವು ಸೊಲ್ಲಾಪುರದ ಸಿದ್ಧೇಶ್ವರ ಕೆರೆಯ ದಂಡೆಯಲ್ಲಿ, ಸಂಕ್ರಾಂತಿ ಜಾತ್ರೆಯಲ್ಲಿ ತೆಗೆದವು. 12ನೆಯ ಶತಮಾನದಲ್ಲಿ ವಚನಕಾರ ಸಿದ್ಧರಾಮರು ಜನರನ್ನು ಕೂಡಿಸಿ ತೋಡಿಸಿದ ಕೆರೆಯದು. ಪ್ರತಿ ಫೋಟೋದ ಬೆನ್ನಿಗೂ ಮುತ್ಯಾ ಕನ್ನಡದಲ್ಲಿ ಹೆಸರು ಬರೆದಿದ್ದಾರೆ.

1960ರಲ್ಲಿ ಈ ಸೀಮೆ ಮಹಾರಾಷ್ಟ್ರದಲ್ಲಿ ಉಳಿಯಿತು. 1967ರ ಮಹಾಜನ ವರದಿ ಅಕ್ಕಲಕೋಟೆಯನ್ನೂ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನೂ ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಹೇಳಿತು. ಅದು ಜಾರಿಗೆ ಬರಲಿಲ್ಲ.

ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ಮೊನ್ನೆ ಒಂದು ಫೋಟೋ ತಿರುವಿ, “ಅಜ್ಜಾ, ಇದರಾಗ ಏನ ಬರದಾರ?” ಎಂದಳು. ಮನೆಯಲ್ಲಿ ಕನ್ನಡವನ್ನೇ ಆಡುವವಳು. ಅಕ್ಷರ ಮಾತ್ರ ಬಾರದು. ಅಂದಿನಿಂದ ದಿನಚರಿಯ ದಿನಕ್ಕೊಂದು ಪುಟವನ್ನು ಇಬ್ಬರೂ ಕೂಡಿ ಓದುತ್ತಿದ್ದೇವೆ.