ಕೊಟ್ಟಿಗೆಯ ಹಲಗೆ

ಕಂಪ್ಲಿ ಎಂದರೆ ಹೊರಗಿನವರಿಗೆ ಕುಮಾರರಾಮ ನೆನಪಾಗುತ್ತಾನೆ. ಇಲ್ಲಿಯವರಾದ ನಮಗೆ ತುಂಗಭದ್ರೆ, ಬಾಳೆತೋಟ, ಭತ್ತದ ಗದ್ದೆ, ಹೊಳೆ ತುಂಬಿದಾಗ ಮುಳುಗುವ ಸೇತುವೆ. ನನಗೆ ಇವುಗಳ ಜೊತೆಗೆ ಒಂದು ಮರದ ಹಲಗೆಯೂ ನೆನಪಾಗುತ್ತದೆ.

ನಮ್ಮದು ಕಂಪ್ಲಿಗೆ ಹತ್ತಿರದ ಒಂದು ಹಳ್ಳಿ. ಊರಿನ ಗ್ರಾಮ ಮುನ್ಸೀಫರ ಹುದ್ದೆ ತಲೆತಲಾಂತರದಿಂದ ನಮ್ಮ ಮನೆಯಲ್ಲಿತ್ತು. ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಒಂದು ದಪ್ಪ ಹಲಗೆಯಲ್ಲಿ ಸಾಲಾಗಿ ಅರ್ಧಚಂದ್ರದ ಕಚ್ಚುಗಳಿದ್ದವು. ಅದರ ಜೋಡಿ ಹಲಗೆ ಯಾವಾಗಲೋ ಕಳೆದುಹೋಗಿತ್ತು. ನಾವು ಹುಡುಗರು ಅದನ್ನು ಕೆಡವಿ, ಕಚ್ಚುಗಳಲ್ಲಿ ಕಾಲಿಟ್ಟು ಬಂಡಿ ಹೊಡೆಯುವ ಆಟ ಆಡುತ್ತಿದ್ದೆವು. ಅಜ್ಜಿ ಕಂಡರೆ ಬೈದು ಎಬ್ಬಿಸುತ್ತಿದ್ದಳು. ಏಕೆಂದು ಮಾತ್ರ ಹೇಳುತ್ತಿರಲಿಲ್ಲ.

ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಒಬ್ಬ ಮುದುಕನಿದ್ದ. ನನ್ನ ಅಜ್ಜನ ವಯಸ್ಸಿನವನು. ಆದರೂ ಮಕ್ಕಳಾದ ನಾವೂ ಅವನನ್ನು ಏಕವಚನದಲ್ಲೇ ಕರೆಯುತ್ತಿದ್ದೆವು. ಅವನು ನಮಗೆ ಬಹುವಚನ ಕೊಡುತ್ತಿದ್ದ. ಒಂದು ದಿನ ಮಳೆ ಬಂತೆಂದು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿದ್ದ. ಒಳಗೆ ಬಂದು ಹಲಗೆಯ ಮೇಲೆ ಕೂರು ಎಂದೆ. ಅವನು ಹಲಗೆಯನ್ನೇ ನೋಡುತ್ತಾ ಹೇಳಿದ: "ಬ್ಯಾಡ ಸಣ್ಣಗೌಡ್ರ. ಅದಕ್ಕ ನನ್ನ ಕಾಲಿನ ಗುರ್ತು ಐತಿ."

ಆ ಮಾತು ನನಗೆ ತಿಳಿಯಲಿಲ್ಲ. ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಾನು ಒಂದು ಕೋರ್ಟಿನಲ್ಲಿ ಗುಮಾಸ್ತನಾಗಿದ್ದೆ. ದಫ್ತರ ಖಾನೆಯಲ್ಲಿ ಹುಳು ತಿಂದ ಮದರಾಸು ರೆಗ್ಯುಲೇಷನ್ನುಗಳ ಸಂಪುಟವೊಂದು ಸಿಕ್ಕಿತು. ಧೂಳು ಝಾಡಿಸಿ ಓದತೊಡಗಿದೆ. 1816ರ ಹನ್ನೊಂದನೆಯ ರೆಗ್ಯುಲೇಷನ್ನಿಗೆ ಬಂದಾಗ ಕೊಟ್ಟಿಗೆಯ ಹಲಗೆ ಕಣ್ಣ ಮುಂದೆ ಬಂದು ನಿಂತಿತು.

ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. ಬಳ್ಳಾರಿ ಸೀಮೆಯನ್ನು ನಿಜಾಮರು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. ಅಲ್ಲಿಂದ 1807ರವರೆಗೆ ಈ ಸೀಮೆಯ ಆಡಳಿತ ನಡೆಸಿದವನು ಥಾಮಸ್ ಮನ್ರೋ. ರೈತವಾರಿ ಕಂದಾಯ ಪದ್ಧತಿಯನ್ನು ಇಲ್ಲಿ ಬೇರೂರಿಸಿದವನೂ ಅವನೇ. ಅಷ್ಟರಲ್ಲಿ, 1802ರಲ್ಲಿ, ಬಂಗಾಳದ ಮಾದರಿಯ ಜಿಲ್ಲಾ ಕೋರ್ಟುಗಳು ಮದರಾಸು ಆಧಿಪತ್ಯಕ್ಕೆ ಬಂದಿದ್ದವು. ದೂರದ ಊರಿನಲ್ಲಿ ಕುಳಿತ, ಜನರ ಭಾಷೆ ಬಾರದ ಇಂಗ್ಲಿಷ್ ನ್ಯಾಯಾಧೀಶನಿಂದ ಹಳ್ಳಿಗನಿಗೆ ನ್ಯಾಯ ಸಿಗದು ಎಂಬುದು ಮನ್ರೋನ ವಾದ. ಕಂಪನಿ ಅವನ ಮಾತಿಗೆ ಒಪ್ಪಿ, ನ್ಯಾಯಪದ್ಧತಿಯನ್ನು ತಿದ್ದಲು ಅವನನ್ನೇ 1814ರಲ್ಲಿ ಆಯೋಗದ ಮುಖ್ಯಸ್ಥನನ್ನಾಗಿ ಕಳಿಸಿತು. ಅದರ ಫಲವೇ 1816ರ ರೆಗ್ಯುಲೇಷನ್ನುಗಳು. ಊರ ಹಿರಿಯನೇ ಗ್ರಾಮ ಮುನ್ಸೀಫನಾಗಿ ಹತ್ತು ರೂಪಾಯಿವರೆಗಿನ ದಾವೆ ತೀರಿಸಬಹುದಾಯಿತು. ಗ್ರಾಮ ಪಂಚಾಯತಿಗಳಿಗೂ ಕಾಯ್ದೆಯ ಮಾನ್ಯತೆ ಬಂತು. ಪೊಲೀಸು ಅಧಿಕಾರ ನ್ಯಾಯಾಧೀಶರಿಂದ ಕಲೆಕ್ಟರರ ಕೈಗೆ ಹೋಯಿತು.

ಕೇಳಲು ಚೆನ್ನಾಗಿದೆ. ನ್ಯಾಯ ಮನೆಬಾಗಿಲಿಗೆ ಬಂದಂತಾಯಿತು. ಆದರೆ ಯಾರ ಮನೆಬಾಗಿಲಿಗೆ? ಹನ್ನೊಂದನೆಯ ರೆಗ್ಯುಲೇಷನ್ನಿನ ಪ್ರಕಾರ ಬೈದಾಟ, ಸಣ್ಣಪುಟ್ಟ ಹೊಡೆದಾಟಗಳಿಗೆ ಊರ ಮುಖ್ಯಸ್ಥ ಹನ್ನೆರಡು ಗಂಟೆಯವರೆಗೆ ಕೂಡಿಹಾಕಬಹುದಿತ್ತು. ತಪ್ಪು ಮಾಡಿದವನು ಕೆಳಜಾತಿಯವನಾದರೆ ಆರು ಗಂಟೆಯವರೆಗೆ ಕಾಲುಕೋಳಕ್ಕೆ ಹಾಕಬಹುದಿತ್ತು. ಅಂಥವರಿಗೆ ಇಂಥ ಅವಮಾನದ ಶಿಕ್ಷೆ ಅನುಚಿತವಲ್ಲ ಎಂಬ ಅರ್ಥದ ಮಾತು ಕಾಯ್ದೆಯಲ್ಲೇ ಇತ್ತು. ತಪ್ಪು ಒಂದೇ, ಊರು ಒಂದೇ, ಶಿಕ್ಷೆ ಮಾತ್ರ ಹುಟ್ಟಿನಿಂದ ತೀರ್ಮಾನವಾಗುತ್ತಿತ್ತು. 1862ರಲ್ಲಿ ಭಾರತೀಯ ದಂಡ ಸಂಹಿತೆ ಜಾರಿಗೆ ಬಂದು ಕಾಯ್ದೆಯೆದುರು ಎಲ್ಲರೂ ಒಂದೇ ಎಂದು ಹೇಳುತ್ತಿದ್ದಾಗಲೂ ಈ ಹಳೆಯ ಅಧಿಕಾರ ಹಳ್ಳಿಯಲ್ಲಿ ಉಳಿದೇ ಇತ್ತು. ಮುದುಕ ಹುಡುಗನಾಗಿದ್ದಾಗ ಮಾಡಿದ ತಪ್ಪೇನೋ ನಾನು ಕೇಳಲಿಲ್ಲ. ಕೇಳುವ ಬುದ್ಧಿ ಬರುವ ವೇಳೆಗೆ ಅವನಿರಲಿಲ್ಲ.

ಮನ್ರೋ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ರೈತರ ಕಷ್ಟ ಬಲ್ಲವನೆಂದು ನಮ್ಮ ಸೀಮೆಯ ಹಿರಿಯರು ಅವನನ್ನು ಹೊಗಳುತ್ತಿದ್ದರು. ಆದರೆ ಹಳ್ಳಿಯನ್ನು ನಂಬುತ್ತೇನೆಂದು ಹೊರಟವನು ನಂಬಿದ್ದು ನನ್ನ ಮುತ್ತಜ್ಜನಂಥವರನ್ನು. ಹಲಗೆ ಅವರ ಕೈಯಲ್ಲಿತ್ತು, ಕಾಲು ಬೇರೆಯವರದಾಗಿತ್ತು.

ಆಮೇಲೆ ಎಷ್ಟೋ ಬದಲಾಯಿತು. 1950ರ ಸಂವಿಧಾನ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳೂ ಹೋದವು. 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ ಬಂತು. ಕಂಪ್ಲಿಯಲ್ಲಿ ಹೊಳೆ ದಾಟಿದರೆ ಗಂಗಾವತಿ ತಾಲ್ಲೂಕು. ಅಲ್ಲಿಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲು ಸುಟ್ಟ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಅವರಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ತೀರ್ಪಿಗೆ ಹತ್ತು ವರ್ಷ ಹಿಡಿಯಿತು. ಆದರೂ ಜಾತಿ ನೋಡಿ ಕೋಳ ಹಾಕಿಸಿದ್ದ ಕಾಯ್ದೆಯ ಜಾಗದಲ್ಲಿ, ಜಾತಿಯ ಹೆಸರಿನ ದೌರ್ಜನ್ಯವನ್ನು ದಂಡಿಸುವ ಕಾಯ್ದೆ ನಿಂತಿದೆಯಲ್ಲ, ಅದು ಸಣ್ಣ ಮಾತಲ್ಲ.

2024ರ ಜುಲೈ 1ರಿಂದ ಬ್ರಿಟಿಷರ ದಂಡ ಸಂಹಿತೆಯೂ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೆಲವು ಸಣ್ಣ ಅಪರಾಧಗಳಿಗೆ ಅದರಲ್ಲಿ ಸಮುದಾಯ ಸೇವೆ ಎಂಬ ಹೊಸ ಶಿಕ್ಷೆಯಿದೆ. ಜೈಲಿಗೆ ತಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಸುದ್ದಿ ಓದಿದಾಗ ನನಗೆ ಒಂದು ಅಳುಕು ಬಂತು. ಯಾರ ಕೈಗೆ ಪೊರಕೆ, ಯಾರ ಕೈಗೆ ಪುಸ್ತಕ ಎಂಬುದನ್ನು ನಾಳೆ ಯಾರು, ಏನು ನೋಡಿ ತೀರ್ಮಾನಿಸುತ್ತಾರೆ? ಹಲಗೆ ಕಂಡವನಿಗೆ ಈ ಪ್ರಶ್ನೆ ತಪ್ಪದು.

ಆ ಹಲಗೆ ಈಗಿಲ್ಲ. ಅಕ್ಕನ ಮದುವೆಯಲ್ಲಿ ಅಪ್ಪ ಅದನ್ನು ಸೀಳಿಸಿ ಅಡಿಗೆಯ ಒಲೆಗೆ ಹಾಕಿಸಿದರು. ಒಳ್ಳೆಯದೇ ಆಯಿತೆಂದು ಆಗ ಅನ್ನಿಸಿತ್ತು. ಕೋರ್ಟಿನಲ್ಲಿ ಜೀವಮಾನ ಕಳೆದವನಿಗೆ ಈಗ ಅನ್ನಿಸುವುದೇ ಬೇರೆ. ಮುದುಕನ ಹೆಸರು ಯಾವ ದಫ್ತರದಲ್ಲೂ ಇಲ್ಲ. ಇದ್ದ ಒಂದು ಸಾಕ್ಷ್ಯವೂ ಬೂದಿಯಾಯಿತು. ಇನ್ನು ಹೇಳಿಕೆ ಕೊಡಲು ಉಳಿದವನು ನಾನೊಬ್ಬ, ಅದೂ ಹಲಗೆಯ ಒಡೆಯರ ಮನೆಯವನು.